ಮೂವತ್ತರ ನಂತರದ ಲೆಕ್ಕ

ಮ್ಯಾರಥಾನ್ ಓಡಿ ಬಂದವನನ್ನು ನಮ್ಮ ಜನ ಎರಡು ಪ್ರಶ್ನೆ ಕೇಳುತ್ತಾರೆ. ‘ಎಷ್ಟನೇ ಬಂದ್ರಿ?’ ಎನ್ನುವುದು ಒಂದು, ‘ಎಷ್ಟು ಕೊಡ್ತಾರೆ?’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸಾವಿರಗಳಲ್ಲಿ ಉತ್ತರ ಹೇಳಿ, ಎರಡನೆಯದಕ್ಕೆ ‘ಕೊಡೋದಿಲ್ಲ, ನಾವೇ ಕೊಟ್ಟು ಓಡಬೇಕು’ ಎಂದರೆ ಕೇಳಿದವರ ಮುಖ ಸಣ್ಣಗಾಗುತ್ತದೆ. ತಾವು ಕೇಳಬಾರದ್ದನ್ನು ಕೇಳಿದೆವೇನೋ ಎಂಬ ಸಂಕೋಚದಲ್ಲಿ ಅವರೇ ಸಮಾಧಾನಕ್ಕೆ ಇಳಿಯುತ್ತಾರೆ: ‘ಹೋಗ್ಲಿ ಬಿಡಿ ಸಾರ್, ಮುಗಿಸಿದ್ರಲ್ಲ, ಅದೇ ದೊಡ್ಡದು.’

ಮುಂಬೈ ಮ್ಯಾರಥಾನ್ ಮುಗಿಸಿ ಬಂದ ಮೇಲೆ ಈ ಮಾತು ನನಗೆ ಬ್ಯಾಂಕಿನ ಕೌಂಟರಿನಲ್ಲೂ ಮದುವೆಯ ಊಟದ ಪಂಕ್ತಿಯಲ್ಲೂ ಲಾಲ್‌ಬಾಗಿನ ಗೇಟಿನಲ್ಲೂ ಸಿಕ್ಕಿತು. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ನಾನು ಹೊರಟಿದ್ದು ಬರೀ ಮುಗಿಸುವುದಕ್ಕಲ್ಲ, ನಾಲ್ಕು ಗಂಟೆಯೊಳಗೆ ಮುಗಿಸುವುದಕ್ಕೆ. ಬಂದದ್ದು 4 ಗಂಟೆ 41 ನಿಮಿಷಕ್ಕೆ. ಪಾಸಾದೆಯಲ್ಲ ಎಂದು ಬೆನ್ನು ತಟ್ಟಿದರೆ ರ‍್ಯಾಂಕಿಗೆ ಓದಿದ ಹುಡುಗನಿಗೆ ಅಳು ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈ ಸಮಾಧಾನದ ಕೆಲಸವನ್ನು ಒಮ್ಮೆ ಒಬ್ಬ ಮಹಾರಾಣಿಯೇ ಮಾಡಿದ್ದಳು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೊರಾಂಡೊ ಪಿಯೆಟ್ರಿ ಎಂಬ ಇಟಲಿಯವನು ಎಲ್ಲರಿಗಿಂತ ಮುಂದಾಗಿ ಕ್ರೀಡಾಂಗಣದೊಳಗೆ ಬಂದ. ಊರಿನಲ್ಲಿ ಮಿಠಾಯಿ ಅಂಗಡಿಯ ಕೆಲಸಗಾರ, ಕುಳ್ಳ ಆಳು. ಒಳಗೆ ಬಂದವನಿಗೆ ದಿಕ್ಕು ತಪ್ಪಿತು. ಉಲ್ಟಾ ಕಡೆಗೆ ತಿರುಗಿದ, ಬಿದ್ದ, ಎದ್ದ, ಮತ್ತೆ ಬಿದ್ದ. ಕೊನೆಯ ಕೆಲವು ನೂರು ಮೀಟರಿಗೆ ಹತ್ತು ನಿಮಿಷದಷ್ಟು ಹಿಡಿಯಿತು. ನೋಡಲಾರದೆ ಅಧಿಕಾರಿಗಳು ತೋಳು ಹಿಡಿದು ಗೆರೆ ದಾಟಿಸಿದರು. ಅಮೆರಿಕದವರು ತಕರಾರು ತೆಗೆದರು. ಪಿಯೆಟ್ರಿ ಅನರ್ಹನಾದ, ಹಿಂದೆ ಬಂದ ಜಾನಿ ಹೇಯ್ಸ್‌ಗೆ ಚಿನ್ನ ಸಿಕ್ಕಿತು. ಮರುದಿನ ರಾಣಿ ಅಲೆಕ್ಸಾಂಡ್ರಾ ಪಿಯೆಟ್ರಿಯನ್ನು ಕರೆದು, ಚಿನ್ನದ ಮುಲಾಮಿನ ಬೆಳ್ಳಿ ಬಟ್ಟಲನ್ನು ಕೈಗಿತ್ತಳು. ಇಂಗ್ಲೆಂಡಿಗೆ ಇಂಗ್ಲೆಂಡೇ ಅವನ ಮೇಲೆ ಮರುಕಪಟ್ಟಿತು.

ಆದರೂ ಆ ಬಟ್ಟಲಿನಿಂದ ಪಿಯೆಟ್ರಿಗೆ ಸಮಾಧಾನವಾದಂತೆ ಕಾಣುವುದಿಲ್ಲ. ಅದೇ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಛಾವಣಿಯ ಕೆಳಗೆ ಸುತ್ತು ಹೊಡೆಯುವ ಓಟದಲ್ಲಿ ಅದೇ ಹೇಯ್ಸ್‌ನನ್ನು ಸೋಲಿಸಿದ ಮೇಲೆಯೇ ಅವನಿಗೆ ನಿದ್ದೆ ಹತ್ತಿರಬೇಕು ಎಂದು ನನ್ನ ಊಹೆ.

ಆ ಲಂಡನ್ ಓಟವೇ ನಮಗೆ ಇನ್ನೊಂದು ಬಳುವಳಿಯನ್ನೂ ಬಿಟ್ಟುಹೋಗಿದೆ. 1896ರಲ್ಲಿ ಅಥೆನ್ಸಿನಲ್ಲಿ ಮೊದಲ ಒಲಿಂಪಿಕ್ ಮ್ಯಾರಥಾನ್ ಓಡಿದ್ದು ಸುಮಾರು 40 ಕಿಲೋಮೀಟರ್. ಲಂಡನ್ನಿನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಪರಿವಾರದ ಆಸನದೆದುರು ಮುಗಿಯಬೇಕಾಗಿತ್ತು. ಹಾಗೆ ಅಳೆದಾಗ ಬಂದದ್ದು 42.195 ಕಿಲೋಮೀಟರ್. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ಅರಮನೆಯವರ ಅನುಕೂಲಕ್ಕೆ ಸೇರಿಕೊಂಡ ಆ ಎರಡು ಚಿಲ್ಲರೆ ಕಿಲೋಮೀಟರು ಇಲ್ಲದಿದ್ದರೆ, ನಾನು ಮರೀನ್ ಡ್ರೈವಿನ ಕೊನೆಯಲ್ಲಿ ಅನುಭವಿಸಿದ್ದರ ದೊಡ್ಡ ಪಾಲು ತಪ್ಪುತ್ತಿತ್ತು.

ಓಟ ಶುರುವಾದದ್ದೇನೋ ಚೆನ್ನಾಗಿಯೇ. ನಸುಕಿನ ಕತ್ತಲಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ಸಿನ ಎದುರಿನಿಂದ ಹೊರಟೆವು. ಬೆನ್ನಿಗೆ 4:00 ಎಂದು ಬರೆದ ಬಾವುಟ ಕಟ್ಟಿಕೊಂಡ ಪೇಸರ್ ಒಬ್ಬ ನಮ್ಮ ಗುಂಪಿನ ಮುಂದಾಳು. ಕಿಲೋಮೀಟರಿಗೆ ಐದು ನಿಮಿಷ ನಲವತ್ತು ಸೆಕೆಂಡು, ಒಂದು ಚೂರೂ ಆಚೀಚೆ ಇಲ್ಲ. ಸೀ ಲಿಂಕ್ ಮೇಲೆ ಹೋಗುವಾಗ ಇನ್ನೂ ಬೆಳಕಾಗಿರಲಿಲ್ಲ. ಮಾಹಿಮ್, ಶಿವಾಜಿ ಪಾರ್ಕ್ ದಾಟಿ ವರ್ಲಿಯ ಕಡೆ ಬರುವ ಹೊತ್ತಿಗೆ ಬಿಸಿಲು ಬಿತ್ತು. ಅಂಗಿ ಮೈಗೆ ಅಂಟಿತು, ಬಿಬ್ಬಿನ ಸೇಫ್ಟಿ ಪಿನ್ನುಗಳಿಂದ ಬೆವರು ತೊಟ್ಟಿಕ್ಕತೊಡಗಿತು. ಮೂವತ್ತರ ಫಲಕ ದಾಟಿ ಸ್ವಲ್ಪ ದೂರಕ್ಕೆ ಎಡಗಾಲಿನ ಮೀನಖಂಡ ಕಲ್ಲಾಯಿತು. ನಿಂತೆ. ಬಾವುಟ ಹೋಯಿತು.

ನಿರಾಶೆ ಒಂದೇ ಏಟಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಪೆಡ್ಡರ್ ರೋಡಿನ ಏರಿನಲ್ಲಿ 4:15ರ ಬಾವುಟ ನನ್ನನ್ನು ದಾಟಿತು. ಮರೀನ್ ಡ್ರೈವಿನಲ್ಲಿ 4:30ರದ್ದು. ಏರಿನ ನಡುವೆ ಶಾಲು ಹೊದ್ದ ಅಜ್ಜಿಯೊಬ್ಬರು ಸ್ಟೀಲಿನ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ಬೀಜ ತೆಗೆದ ಕಿತ್ತಳೆ ತೊಳೆಗಳು, ಒಂದು ಮೂಲೆಯಲ್ಲಿ ಉಪ್ಪಿನ ಗುಪ್ಪೆ. ನಾನು ತೊಳೆಗೆ ಕೈ ಹಾಕಿದರೆ ಕೈ ಸರಿಸಿ, ‘ಪೆಹಲೇ ನಮಕ್’ ಎಂದು ಗದರಿದರು. ಉಪ್ಪು ನೆಕ್ಕಿಸಿ ಆಮೇಲೆ ಹಣ್ಣು ಕೊಟ್ಟರು. ಮುಗಿಸುವುದೇ ದೊಡ್ಡದೆಂಬ ಮಾತನ್ನು ಆಡದವರು ಆ ದಿನ ನನಗೆ ಸಿಕ್ಕಿದ್ದು ಅವರೊಬ್ಬರೇ.

ಅಲ್ಲ, ಇನ್ನೊಬ್ಬರೂ ಇದ್ದರು. ನಾನು ಉಳಿದುಕೊಂಡಿದ್ದು ಮಾಟುಂಗಾದಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಪ್ಪ ಜೀವಮಾನವೆಲ್ಲ ಆಡಿಟರ್ ಆಗಿದ್ದವರು. ಊಟಕ್ಕೆ ಕೂತಾಗ ಚಿಕ್ಕಮ್ಮ ಎರಡನೇ ಸಲ ಸಾರು ಬಡಿಸುತ್ತಾ, ‘ಏನೋ ಮುಗಿಸಿ ಕ್ಷೇಮವಾಗಿ ಬಂದ್ಯಲ್ಲಪ್ಪ, ಅಷ್ಟು ಸಾಕು’ ಎಂದರು. ಚಿಕ್ಕಪ್ಪ ಮಾತ್ರ ಎಡಗೈಯಲ್ಲಿ ನನ್ನ ಮೊಬೈಲು ಹಿಡಿದು, ಐದೈದು ಕಿಲೋಮೀಟರಿನ ಸಮಯ ತೋರಿಸುವ ಪಟ್ಟಿಯನ್ನು ಮೂಗಿನ ಹತ್ತಿರ ತಂದುಕೊಂಡು ಓದುತ್ತಿದ್ದರು.

‘ಮೂವತ್ತರವರೆಗೆ ಎಲ್ಲ ತಾಳೆಯಾಗ್ತದೆ ಕಣೋ. ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಇಲ್ಲಿ ನೋಡು, ಒಂದೇ ಸಲಕ್ಕೆ ನಲವತ್ತೊಂದು. ಏನಾಯ್ತು ಇಲ್ಲಿ?’

‘ಕಾಲು ಹಿಡ್ಕೊಂಡ್ತು ಚಿಕ್ಕಪ್ಪ.’

‘ಅದು ಆದದ್ದು. ಯಾಕಾಯ್ತು ಅಂತ ಕೇಳಿದ್ದು.’

‘ಊಟದ ಹೊತ್ತಲ್ಲಿ ಬೇಡ್ರೀ’ ಎಂದು ಚಿಕ್ಕಮ್ಮ ಮೊಬೈಲು ಕಿತ್ತಿಟ್ಟರು. ಆದರೆ ನನಗೆ ಆ ದಿನ ಮೊದಲ ಬಾರಿಗೆ ಎದೆ ಹಗುರಾಯಿತು. ಸೋಲನ್ನು ಮರೆಯಬೇಕಾದ ಅವಮಾನವೆಂದು ನೋಡದೆ ಓದಬೇಕಾದ ಕಾಗದವೆಂದು ನೋಡುವ ಒಬ್ಬರಾದರೂ ಸಿಕ್ಕಿದ್ದರು.

ಬೆಂಗಳೂರಿಗೆ ಬಂದು ಆ ಕಾಗದ ಓದಲು ಕುಳಿತೆ. ಈ ವಿಷಯದಲ್ಲಿ ಓಟಗಾರರಿಗಿಂತ ಡಾಕ್ಟರುಗಳು ಹಳಬರು. 1924ರ ಬಾಸ್ಟನ್ ಮ್ಯಾರಥಾನಿನಲ್ಲಿ ಕೆಲವು ವೈದ್ಯರು ಗೆರೆ ದಾಟಿ ಬಂದವರ ರಕ್ತ ತೆಗೆದು ನೋಡಿದರು. ಹೆಚ್ಚು ನಿತ್ರಾಣರಾಗಿ ಬಂದವರ ಸಕ್ಕರೆಯ ಅಂಶ ತೀರಾ ಕುಸಿದಿತ್ತು. ಮರುವರ್ಷ ಓಟದ ನಡುವೆ ಮಿಠಾಯಿ ತಿನ್ನಿಸಿ ನೋಡಿದರೆ ಓಟಗಾರರು ಗೆಲುವಾಗಿಯೇ ಬಂದರು. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಇನ್ನೂ ಮುಂದೆ ಹೋದರು. ಒಂದೇ ಕಾಲಿನಲ್ಲಿ ಸೈಕಲ್ ತುಳಿದು, ಎರಡೂ ತೊಡೆಗಳಿಗೆ ಸೂಜಿ ಚುಚ್ಚಿ ಚೂರು ಸ್ನಾಯು ತೆಗೆದು, ಅದರಲ್ಲಿ ಉಳಿದ ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟುಕೊಂಡ ಸಕ್ಕರೆಯನ್ನು, ಅಳೆದರು. ಅದಕ್ಕೆ ಕಾಲು ಕೊಟ್ಟವರೂ ಅವರೇ.

ಇವರಿಂದ ತಿಳಿದದ್ದು ಇಷ್ಟು. ಮೈಯಲ್ಲಿ ಹಿಟ್ಟಿನಂಶದ ದಾಸ್ತಾನು ಸುಮಾರು ಎರಡು ಸಾವಿರ ಕ್ಯಾಲೊರಿ. ಕಿಲೋಮೀಟರ್ ಓಡಲು ಕೆಜಿಗೆ ಸುಮಾರು ಒಂದು ಕ್ಯಾಲೊರಿ ಬೇಕು. ಎಪ್ಪತ್ತು ಕೆಜಿಯ ಆಸಾಮಿಗೆ ಇಡೀ ಮ್ಯಾರಥಾನಿಗೆ ಮೂರು ಸಾವಿರದ ಹತ್ತಿರ. ಕೊರತೆಯನ್ನು ಕೊಬ್ಬು ತುಂಬುತ್ತದೆ, ಆದರೆ ಅದರ ಸರಬರಾಜು ನಿಧಾನ. ತಮಾಷೆಯೆಂದರೆ, ಕಾಲಿನ ಸ್ನಾಯು ಬರಿದಾಗಿ ಒದ್ದಾಡುವಾಗ ತೋಳಿನ ಸ್ನಾಯುವಿನಲ್ಲಿ ಕೂಡಿಟ್ಟದ್ದು ಹಾಗೆಯೇ ಇರುತ್ತದೆ. ಒಂದು ಸ್ನಾಯು ತನ್ನ ಗ್ಲೈಕೋಜನ್ನನ್ನು ಇನ್ನೊಂದಕ್ಕೆ ಕಳಿಸಲಾರದು. ಇದರ ಜೊತೆಗೆ ಮುಂಬೈಯ ಹವೆ ಬೇರೆ. ಬೆಂಗಳೂರಿನ ಒಣ ಚಳಿಯಲ್ಲಿ ಬೆವರು ಆರಿ ಮೈ ತಣ್ಣಗಾಗುತ್ತದೆ. ಸಮುದ್ರದ ದಂಡೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದಷ್ಟೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಅದೇ ವೇಗಕ್ಕೆ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ, ದಾಸ್ತಾನು ಬೇಗ ಕರಗುತ್ತದೆ. ಲಾಲ್‌ಬಾಗಿನ ಮುಂಜಾನೆಯಲ್ಲಿ ಗಳಿಸಿದ 5:40, ವರ್ಲಿಯ ಎಂಟು ಗಂಟೆಯ ಬಿಸಿಲಿನಲ್ಲಿ 5:40 ಆಗಿ ಉಳಿಯುವುದಿಲ್ಲ. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಉತ್ತರ ಸಿಕ್ಕಿದ ಕೂಡಲೇ ಬೇಸರ ಹೋಯಿತೆಂದರೆ ಸುಳ್ಳು. ಹೋಗಲಿಲ್ಲ. ಆ ದಿನಗಳಲ್ಲೇ ನಾನು ಶಿಜೊ ಕನಾಕುರಿಯ ಬೆನ್ನು ಹತ್ತಿದ್ದು.

ಟೋಕಿಯೊದ ಆಯ್ಕೆ ಓಟದಲ್ಲಿ ಜಗತ್ತೇ ಹುಬ್ಬೇರಿಸುವ ಸಮಯ ದಾಖಲಿಸಿದ ಇಪ್ಪತ್ತರ ಹುಡುಗ ಕನಾಕುರಿ. ಹಡಗು, ಸೈಬೀರಿಯದ ರೈಲು ಹತ್ತಿ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಹೋದ. ಜಪಾನಿನಿಂದ ಆ ಸಲ ಹೋದ ಸ್ಪರ್ಧಿಗಳೇ ಇಬ್ಬರು. ಓಟದ ದಿನ ಸುಡುಬಿಸಿಲು. ಹೊರಟವರಲ್ಲಿ ಅರ್ಧದಷ್ಟು ಜನ ಮುಗಿಸಲಿಲ್ಲ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜರೊ ಮರುದಿನ ತೀರಿಕೊಂಡ. ಜಪಾನಿ ಬಟ್ಟೆಯ ಪಾದರಕ್ಷೆ ‘ತಬಿ’ ತೊಟ್ಟು ಓಡುತ್ತಿದ್ದ ಕನಾಕುರಿ ಅರ್ಧ ದಾಟಿದ ಮೇಲೆ ತಲೆ ತಿರುಗಿ ಒಂದು ಮನೆಯ ತೋಟಕ್ಕೆ ನುಗ್ಗಿದ. ಮನೆಯವರು ಹಣ್ಣಿನ ರಸ ಕೊಟ್ಟು ಉಪಚರಿಸಿದರು. ನಾಚಿಕೆಯಿಂದ ಅವನು ಯಾರಿಗೂ ಹೇಳದೆ ಊರಿಗೆ ಹೊರಟುಹೋದ. ಸ್ವೀಡನ್ನಿನವರ ಕಡತದಲ್ಲಿ ‘ನಾಪತ್ತೆ’ ಎಂದೇ ಉಳಿದ.

ಈ ಕಥೆಯ ತಮಾಷೆಯ ತುದಿ ಅನೇಕರಿಗೆ ಗೊತ್ತು. 1967ರಲ್ಲಿ ಸ್ವೀಡನ್ನಿನವರು ಎಪ್ಪತ್ತೈದರ ಕನಾಕುರಿಯನ್ನು ಕರೆಸಿ, ಅದೇ ಕ್ರೀಡಾಂಗಣದಲ್ಲಿ ಓಟ ಮುಗಿಸಲು ಹೇಳಿದರು. ಸಮಯ: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, ಚಿಲ್ಲರೆ ಸೆಕೆಂಡು. ದಾರಿ ಉದ್ದವಾಗಿತ್ತು, ನಡುವೆ ಮದುವೆಯಾಗಿ ಆರು ಮಕ್ಕಳೂ ಹತ್ತು ಮೊಮ್ಮಕ್ಕಳೂ ಆದರು ಎಂದು ಮುದುಕ ನಗಿಸಿದ.

ನನ್ನನ್ನು ಹಿಡಿದದ್ದು ಆ ಐವತ್ತನಾಲ್ಕು ವರ್ಷಗಳ ನಡುವಿನ ಭಾಗ. ಮೈಯಲ್ಲಿ ಕಸುವಿದ್ದ ಕಾಲದಲ್ಲಿ ಬಂದ 1916ರ ಒಲಿಂಪಿಕ್ಸ್ ಯುದ್ಧದಿಂದ ರದ್ದಾಯಿತು. 1920ರ ಆಂಟ್‌ವರ್ಪ್‌ನಲ್ಲಿ ಕನಾಕುರಿಗೆ ಹದಿನಾರನೇ ಸ್ಥಾನ. 1924ರ ಪ್ಯಾರಿಸ್‌ನಲ್ಲಿ ಮತ್ತೆ ಅರ್ಧಕ್ಕೇ ನಿಂತ. ಪದಕ ಕೊನೆಗೂ ಬರಲಿಲ್ಲ. ಆದರೆ 1920ರಲ್ಲೇ ಅವನು ಮತ್ತು ಗೆಳೆಯರು ಟೋಕಿಯೊದಿಂದ ಹಕೋನೆ ಬೆಟ್ಟಕ್ಕೆ ಹೋಗಿ ಬರುವ ಎರಡು ದಿನದ ರಿಲೇ ಶುರುಮಾಡಿದ್ದರು. ಕಾಲೇಜಿಗೆ ಹತ್ತು ಹತ್ತು ಹುಡುಗರು, ಹೆಗಲಿನ ಪಟ್ಟಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಓಡಬೇಕು. ಜಗತ್ತಿನೆದುರು ನಿಲ್ಲಬಲ್ಲ ಓಟಗಾರರು ಬೇಕೆಂದರೆ ಮೊದಲು ಓಡುವವರ ಸಂಖ್ಯೆ ಹೆಚ್ಚಬೇಕು ಎಂಬ ಲೆಕ್ಕ. ಹಕೋನೆ ಎಕಿಡೆನ್ ಇಂದಿಗೂ ಜನವರಿ 2 ಮತ್ತು 3ರಂದು ನಡೆಯುತ್ತದೆ, ಇಡೀ ಜಪಾನ್ ಟೀವಿಯ ಮುಂದೆ ಕೂರುತ್ತದೆ. 1951ರಲ್ಲಿ ಬಾಸ್ಟನ್ ಗೆದ್ದ ಮೊದಲ ಜಪಾನಿ ಶಿಗೆಕಿ ತನಾಕ ತೊಟ್ಟಿದ್ದೂ ತಬಿಯಂತೆ ಹೆಬ್ಬೆರಳು ಬೇರೆಯಾಗಿದ್ದ ಶೂಗಳನ್ನೇ.

ಆಂಟ್‌ವರ್ಪಿನ ಅದೇ ಓಟದ ಪಟ್ಟಿಯಲ್ಲಿ ಕನಾಕುರಿಯ ಮೂರು ಸ್ಥಾನ ಕೆಳಗೆ, ಸುಮಾರು ಎರಡು ನಿಮಿಷ ಹಿಂದೆ, ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದಾರೆ. ದೊರಾಬ್ಜಿ ಟಾಟಾ ಮುಂದಾಗಿ ನಿಂತು ಕಳಿಸಿದ ತಂಡದ ಓಟಗಾರ. ಆ ಸಲದ ದಾರಿ 42.75 ಕಿಲೋಮೀಟರ್, ಒಲಿಂಪಿಕ್ಸ್‌ನಲ್ಲೇ ಅತಿ ಉದ್ದದ ಮ್ಯಾರಥಾನ್. ಹತ್ತೊಂಬತ್ತನೇ ಸ್ಥಾನ, 2 ಗಂಟೆ 50 ನಿಮಿಷ. ಎರಡು ಹೆಸರುಗಳ ನಡುವೆ ಇದ್ದದ್ದು ಎರಡೇ ನಿಮಿಷ. ಆಮೇಲೆ ಜಪಾನ್ ಎಲ್ಲಿಗೆ ಹೋಯಿತು, ನಾವು ಎಲ್ಲಿ ಉಳಿದೆವು! ಚೌಗುಲೆಯವರ ಕಾಲಿನಲ್ಲಿ ಕೊರತೆ ಇರಲಿಲ್ಲ. ಅವರ ಹಿಂದೆ ಪಟ್ಟಿ ಹಿಡಿದು ಕಾದು ನಿಂತ ಹುಡುಗರ ಸಾಲು ಇರಲಿಲ್ಲ. ಬೆಳಗಾವಿಯ ಆಚೆ ಅವರ ಹೆಸರು ಗೊತ್ತಿರುವವರೂ ಕಡಿಮೆ.

ಕೆಟ್ಟ ಓಟದಿಂದ ಏನು ಕಲಿಯಬೇಕು ಎಂದರೆ, ‘ಮುಂದಿನ ಸಲ ಸಾಧಿಸುತ್ತೇನೆ’ ಎಂಬ ಹಟ ಸಾಲದು, ಹಟ ಪಿಯೆಟ್ರಿಗೆ ಆಯಿತು. ಸೋತವನಿಗೆ ದಾರಿಯ ಬಗ್ಗೆ ಗೆದ್ದವನಿಗೆ ಗೊತ್ತಿಲ್ಲದ ಕೆಲವು ಸಂಗತಿ ಗೊತ್ತಿರುತ್ತದೆ, ಅದನ್ನು ತನ್ನಲ್ಲೇ ಇಟ್ಟುಕೊಂಡರೆ ಅದು ಬರೀ ಕೊರಗು. ಈಗ ಭಾನುವಾರದ ಲಾಂಗ್ ರನ್ನಿಗೆ ಬರುವ ಹೊಸಬರು ಕರಾವಳಿಯಲ್ಲಿ ಓಡಲು ಹೆಸರು ಕೊಟ್ಟಿದ್ದೇವೆ ಎಂದರೆ ನಾನು ನನ್ನ ಮುಂಬೈ ಪಟ್ಟಿ ತೆಗೆದು ತೋರಿಸುತ್ತೇನೆ. ಹಸಿವಾಗುವ ಮುಂಚೆ ತಿನ್ನಿ, ಮೊದಲ ಹತ್ತನ್ನು ನಿಧಾನ ಮಾಡಿ, ಬಿಸಿಲಿಗೆ ಐದಾರು ನಿಮಿಷ ಮೀಸಲಿಡಿ, ಮೂವತ್ತರ ಫಲಕವನ್ನೇ ಅರ್ಧದಾರಿ ಎಂದುಕೊಳ್ಳಿ. ಮುಗಿಸಿದರೆ ಸಾಕು ಎಂದು ಮಾತ್ರ ಹೇಳುವುದಿಲ್ಲ. ನಾಲ್ಕು ಗಂಟೆ ನನಗೂ ಇನ್ನೂ ಬಾಕಿ ಇದೆ.

ಮೊನ್ನೆ ಚಿಕ್ಕಪ್ಪನ ಫೋನು ಬಂತು.

‘ಈ ಮ್ಯಾರಥಾನಿನಲ್ಲಿ ಸೀನಿಯರ್ ಸಿಟಿಜನ್ಸಿಗೂ ಒಂದು ಓಟ ಇದೆಯಂತಲ್ಲೋ. ಹೆಸರು ಕೊಡೋದು ಹೇಗೆ?’

ನನಗೆ ಖುಷಿಯಾಯಿತು. ‘ಕೊಡೋಣ ಚಿಕ್ಕಪ್ಪ. ಆರಾಮಾಗಿ ನಡೀತಾ ಮುಗಿಸಿ, ಟೈಮಿನ ಯೋಚನೆ ಬೇಡ’ ಎಂದೆ.

ಆ ಕಡೆ ಒಂದು ಗಳಿಗೆ ಸದ್ದಿಲ್ಲ.

‘ಅದು ಹೇಗಾಗ್ತದೆ?’ ಎಂದರು. ‘ಮೂರನೇ ಮಹಡಿಯ ಶೆಣೈ ಹೋದ ಸಲ ಐವತ್ತೆರಡು ನಿಮಿಷ ತಗೊಂಡಿದ್ದಾನೆ. ಅವನ ಸರ್ಟಿಫಿಕೇಟು ನೋಡಿ ಬಂದಿದ್ದೇನೆ.’