ನೀರೊಳಗಿನ ಬೆವರು

ಅತಿಶಯೋಕ್ತಿ ಎಂದರೆ ಸುಳ್ಳು ಎನ್ನುವವರಿಗೆ ಮುಧೋಳದ ರನ್ನನನ್ನು ಓದಿ ಹೇಳಬೇಕು. ಗದಾಯುದ್ಧದ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಂಡೆಯ ಮೇಲೆ ಭೀಮ ಗರ್ಜಿಸುತ್ತಾನೆ. ಸಿಂಹದ ಸದ್ದು, ಗುಡುಗಿನ ಸದ್ದು ಎರಡೂ ಅದಕ್ಕೆ ಸೋತವೆಂದು ರನ್ನ ಸಮಾಸದ ಮೇಲೆ ಸಮಾಸ ಪೇರಿಸುತ್ತಾನೆ. ಆಮೇಲೆ? ದುರ್ಯೋಧನ ನೀರೊಳಗಿದ್ದೂ ಬೆವರಿದ, ಅಷ್ಟೆ. ಅಂಥ ಮಹಾಶಬ್ದಗಳ ಬೆನ್ನಿಗೆ ಹೊಲಗೆಲಸದವರೂ ದಿನಾ ಆಡುವ ಒಂದು ಮಾತು! ಆ ಪದ್ಯ ಸಾವಿರ ವರ್ಷ ಬಾಳಿದ್ದು ಗುಡುಗಿನಿಂದಲ್ಲ, ಬೆವರಿನಿಂದ ಎಂದೇ ನನ್ನ ನಂಬಿಕೆ.

ಮುಧೋಳದಾಚೆ ಜಮಖಂಡಿ, ಅದರಾಚೆ ಕೃಷ್ಣೆಯ ದಂಡೆಗೆ ಚಿಕ್ಕಪಡಸಲಗಿ. ಇಲ್ಲಿ ಬೆವರೇ ನೀರಾಗಿದೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಬೆಳೆ ಒಣಗುವುದನ್ನು ನೋಡಿ ಸಾಕಾದ ರೈತರು ಸರ್ಕಾರದ ಹಣಕ್ಕೆ ಕಾಯದೆ, ತಾವೇ ರೊಕ್ಕ ಕೂಡಿಸಿ, ತಾವೇ ದುಡಿದು 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಹೆಸರು ಶ್ರಮಬಿಂದು ಸಾಗರ. ಹನಿಯನ್ನು ಸಾಗರವೆಂದರೆ ಶುದ್ಧ ಅತಿಶಯೋಕ್ತಿಯೇ ಸರಿ. ಆದರೆ ದಂಡೆಗೆ ನಿಂತು ನೋಡಿದವರಿಗೆ ಅದು ಬರೀ ವರದಿ.

ನಮ್ಮ ಕಡೆಯವರ ಮಾತಿನ ರೀತಿಯೇ ಹೀಗೆ. ಬಿಸಿಲಿನ ಬಗ್ಗೆ ಕೇಳಿ: "ಕಲ್ಲ ಸೀಳೂ ಬಿಸಲ್ರೀ!" ಮಳೆ ಬಂದರೆ ಆಕಾಶವೇ ಹರಿದು ಬಿದ್ದಿರುತ್ತದೆ. ಅದೇ ಮನೆಯಲ್ಲಿ ಊಟಕ್ಕೆ ಕರೆಯುವಾಗ, "ಏನೂ ಮಾಡಿಲ್ರೀ, ಒಂದ್ ತುತ್ತು ಉಂಡು ಹೋಗ್ರಿ." ಕುಳಿತರೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಮತ್ತೆ ರೊಟ್ಟಿ. ದೇವರು ಕೊಟ್ಟದ್ದನ್ನು ಹಿಗ್ಗಿಸಿ ಹೇಳುತ್ತಾರೆ, ತಾವು ಮಾಡಿದ್ದನ್ನು ಕುಗ್ಗಿಸಿ ಹೇಳುತ್ತಾರೆ. ಇಷ್ಟು ಚೆಂದದ ಅಲಂಕಾರಶಾಸ್ತ್ರ ನನಗೆ ಪುಸ್ತಕದಲ್ಲಿ ಸಿಕ್ಕಿಲ್ಲ. (ರನ್ನ ಮಾತ್ರ ಈ ಕಟ್ಟಳೆಗೆ ಸಿಗುವವನಲ್ಲ. ತನ್ನ ಕಾವ್ಯವನ್ನು ಪರೀಕ್ಷಿಸುವವನಿಗೆ ಎಂಟೆದೆ ಇದೆಯೇ ಎಂದು ಕೇಳಿದ ಬಳೆಗಾರರ ಮಗ ಅವನು. ಅಂಥ ಕಾವ್ಯ ಬರೆದವನಿಗೆ ಆ ಹಕ್ಕುಂಟು.)

ಬ್ಯಾರೇಜಿನ ಮುಂದಾಳು ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು, ಕೇಂದ್ರದಲ್ಲಿ ಮಂತ್ರಿಯಾದರು. ಹುಲಿ, ಸಿಂಹ, ಸಾಮ್ರಾಟ ಎಂಬ ಬಿರುದುಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಹೊಳೆಯನ್ನೇ ನಿಲ್ಲಿಸಿದ ಮನುಷ್ಯನಿಗೆ ಜನ ಅವನ್ನು ಕೊಡಲಿಲ್ಲ. 2018ರಲ್ಲಿ ಅವರು ತೀರಿಕೊಂಡ ಮೇಲೂ ಈ ಸೀಮೆಗೆ ಅವರು 'ಬ್ಯಾರೇಜ್ ಸಿದ್ದು'.