ತಾರೀಖು ಎಲ್ಲಿ ತಪ್ಪಿತು?

ಕಾಲವು ಒಂದೇ ಆದರೂ ಅದನ್ನು ಬರೆಯುವ ಬಗೆಗಳು ಹಲವು. ಬರೆದವನ ಸಂಕೇತವೊಂದು, ಓದುವವನ ಸಂಕೇತವಿನ್ನೊಂದು ಆಯಿತೆಂದರೆ, ಸರಿಯಾಗಿಯೇ ಬರೆದಿಟ್ಟ ತಾರೀಖು ಕೂಡ ತಪ್ಪಾಗಿ ತೋರುವುದು. ಇದು ಗಣಕಯಂತ್ರದೊಡನೆ ಹುಟ್ಟಿದ ರೋಗವೆಂದು ಹಲವರು ತಿಳಿದಿರುವರು. ಸವದತ್ತಿಯ ಶಿಲೆಗಳು ಹಾಗೆ ಹೇಳುವುದಿಲ್ಲ.

ಪೂರ್ವದಲ್ಲಿ ಸುಗಂಧವರ್ತಿಯೆನಿಸಿದ ಈ ಊರಿನಲ್ಲಿ ರಟ್ಟರ ಇಮ್ಮಡಿ ಲಕ್ಷ್ಮೀದೇವನ ಕಾಲದ ಶಾಸನವೊಂದುಂಟು. ಅದರ ಕಾಲನಿರ್ದೇಶವು ಶಕ 1151, ಸರ್ವಧಾರಿ ಸಂವತ್ಸರ, ಆಷಾಢದ ಅಮಾವಾಸ್ಯೆ, ಸೋಮವಾರ, ಸೂರ್ಯಗ್ರಹಣ ಎಂದಿರುವುದು. ರೂಢಿಯಂತೆ ಶಕಕ್ಕೆ 78 ಕೂಡಿಸಿದರೆ 1229ನೆಯ ಇಸವಿ ಬರುವುದು. ಆದರೆ ಆ ವರ್ಷದ ಆಷಾಢವು ವಿರೋಧಿ ಸಂವತ್ಸರದ್ದು! ಶಾಸನವನ್ನು ಬರೆದವನು ಶಕವನ್ನು ಗತವರ್ಷದಿಂದ ಎಣಿಸದೆ ವರ್ತಮಾನವರ್ಷದಿಂದ ಎಣಿಸಿದನು. ಆದುದರಿಂದ 77ನ್ನೇ ಕೂಡಿಸತಕ್ಕದ್ದು. ಆಗ 1228ನೆಯ ಇಸವಿಯ ಜುಲೈ 3 ದೊರೆಯುವುದು; ಅಂದು ಸೋಮವಾರವೂ ಹೌದು, ಅಮಾವಾಸ್ಯೆಯೂ ಹೌದು, ಗ್ರಹಣವೂ ಹೌದು. ಕಲ್ಲು ತಪ್ಪಿರಲಿಲ್ಲ, ಓದುವ ಸೂತ್ರವು ತಪ್ಪಿತ್ತು.

ಇಂದಿನ ಡೇಟಾಬೇಸಿನ ಗತಿಯೂ ಇದೇ. ಕೂಸೊಂದರ ಜನ್ಮದಿನವನ್ನು ಜೂನ್ 1 ಎಂದು ತುಂಬಿದರೆ, ಯಂತ್ರವು ಅದನ್ನು ಅಂದಿನ ನಡುರಾತ್ರಿಯೆಂದು ಭಾವಿಸಿ, ವಿಶ್ವಸಮಯಕ್ಕೆ ತಿರುಗಿಸಿ ಇಡಬಹುದು. ನಮ್ಮ ಸಮಯವು ಅದಕ್ಕಿಂತ 5 ತಾಸು 30 ನಿಮಿಷ ಮುಂದಿರುವುದರಿಂದ ಉಳಿಯುವುದು ಮೇ 31, ಸಂಜೆ 6-30. ತಾಸುಗಳನ್ನು ಕೈಬಿಟ್ಟು ದಿನವನ್ನಷ್ಟೇ ತೋರಿಸುವ ಪುಟದಲ್ಲಿ ಕೂಸು ಒಂದು ದಿನ ಮೊದಲೇ ಹುಟ್ಟಿತು! ಆ ಪುಟವನ್ನೇ ನಂಬಿ ಮರಳಿ ಉಳಿಸಿದರೆ ಇನ್ನೊಂದು ದಿನ ಹಿಂದಕ್ಕೆ ಜಾರುವುದು. ಶಾಲೆಯ ಪ್ರವೇಶಕ್ಕೂ ನಿವೃತ್ತಿವೇತನಕ್ಕೂ ಒಂದು ದಿನವೇ ಅಡ್ಡಬರುವಲ್ಲಿ ಇದು ಸಣ್ಣ ಮಾತಲ್ಲ.

ಎರಡನೆಯದು ಸ್ಥಾನಪಲ್ಲಟ. ನಮ್ಮಲ್ಲಿ 7-5 ಎಂದರೆ ಮೇ 7; ಅಮೇರಿಕದವರಿಗೆ ಅದು ಜುಲೈ 5. ತಿಂಗಳಿನ 13ರಿಂದಾಚೆಯ ದಿನಗಳನ್ನು ಯಂತ್ರವು ಒಪ್ಪದೆ ದೋಷವನ್ನು ಸಾರುವುದು. ವರ್ಷದೊಳಗಿನ 132 ದಿನಗಳು ಮಾತ್ರ ಸದ್ದಿಲ್ಲದೆ ಬೇರೆ ದಿನಗಳಾಗುವುವು. ಸಾರುವ ದೋಷಕ್ಕಿಂತ ಮೌನದ ದೋಷವೇ ಕ್ರೂರವಾದುದು. ಮೂರನೆಯದು ಶೂನ್ಯ: ಬರೆಯದೆ ಬಿಟ್ಟುದನ್ನು ಸೊನ್ನೆಯೆಂದು ಓದಿದಲ್ಲಿ, ಹಲವು ಯಂತ್ರಗಳ ಎಣಿಕೆಯ ಆದಿಯಾದ 1970ನೆಯ ಇಸವಿಯ ಜನವರಿ 1 ಮೂಡುವುದು.

ಪರಿಹಾರದ ಕ್ರಮವು ಸರಳ. ಪುಟದಲ್ಲಿ ತಪ್ಪು ಕಂಡೊಡನೆ ಮೂಲವನ್ನು ತಿದ್ದಹೋಗಬಾರದು. ಸಂಗ್ರಹದಲ್ಲಿರುವುದನ್ನು ಇದ್ದಂತೆಯೇ ಮೊದಲು ನೋಡಬೇಕು. ಅನಂತರ ಅದು ದಾಟಿ ಬರುವ ಒಂದೊಂದು ಬಾಗಿಲಲ್ಲಿಯೂ ನಿಂತು, ಎಲ್ಲಿ ರೂಪ ಬದಲಾಯಿತೆಂದು ಪರೀಕ್ಷಿಸಬೇಕು. ಜನ್ಮದಿನಕ್ಕೆ ತಾಸಿನ ಗೊಡವೆ ಬೇಡ. ಅದನ್ನು ಬರಿಯ ದಿನವನ್ನಾಗಿಯೇ ಇಡುವುದು ಲೇಸು. ಸರಿಯಿದ್ದ ಮೂಲವನ್ನು ಪುಟಕ್ಕೆ ಹೊಂದುವಂತೆ ತಿದ್ದಿದವನು ಶಾಸನವನ್ನೇ ಕೆತ್ತಿ ಕೆಡಿಸಿದವನಿಗೆ ಸಮಾನನು.

ವರ್ಷ, ಮಾಸ, ದಿನ ಎಂದು ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಕ್ರಮವನ್ನು 1988ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ವಿಧಿಸಿತು. ಪೂಜೆಯ ಸಂಕಲ್ಪವೂ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಯೆಂದೇ ಇಳಿಯುವುದು. ಶಾಸನಕಾರನು ಇದರ ಮೇಲೆ ವಾರವನ್ನೂ ಗ್ರಹಣವನ್ನೂ ಸಾಕ್ಷಿಯಾಗಿ ನಿಲ್ಲಿಸಿದ್ದನು. ಆ ಸಾಕ್ಷಿಗಳಿಂದಲೇ ಇಂದಿಗೂ ಅವನ ದಿನವು ಉಳಿದಿರುವುದು.