ಹುಲಿಕಲ್ಲಿನ ದಾರಿ

ನಮ್ಮ ಕಬ್ಬೂರಿನಲ್ಲಿ ಚಹಾ ಬೇಡ ಅನ್ನುವವರು ಸಿಗುವುದು ಕಷ್ಟ. ಬೆಳಗ್ಗೆ ಎಮ್ಮೆ ಹಿಂಡಿ ಬಂದ ಕೂಡಲೇ ಒಂದು ಸಲ, ಹೊಲದ ಬದುವಿನ ಮೇಲೆ ಕಿಟ್ಲಿಯಲ್ಲಿ ಬಂದದ್ದು ಇನ್ನೊಂದು ಸಲ, ಸಂಜೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬಶಿಗೆ ಸುರುವಿಕೊಂಡು ಮತ್ತೊಂದು ಸಲ. ಬೀಗರನ್ನು ಚಹಾ ಕುಡಿಸದೆ ಕಳಿಸಿದರೆ ಆ ಮಾತು ಮೂರು ವರ್ಷ ಊರಲ್ಲಿ ತಿರುಗುತ್ತದೆ. ಅದರೊಳಗಿನ ಸಕ್ಕರೆ ಎಲ್ಲಿಯದೆಂದು ನಮಗೆ ಯಾರೂ ಹೇಳಬೇಕಿಲ್ಲ. ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಎದುರಿಗೆ ಬಂದರೆ ಸೈಕಲ್ಲಿನಿಂದ ಇಳಿದು ಬದಿಗೆ ನಿಂತು ಬೆಳೆದವರು ನಾವು. ಹಾಲು ಹಿತ್ತಲಿನದು. ಪುಡಿ ಮಾತ್ರ ಪೊಟ್ಟಣದಲ್ಲಿ ಬರುತ್ತದೆ. ಒಂದು ದಿನ ಒಲೆಯ ಮುಂದೆ ಕೂತ ಅವ್ವ ಆ ಪೊಟ್ಟಣ ಕತ್ತರಿಸುತ್ತ, "ಇದರ ಗಿಡಾ ಹೆಂಗ ಇರತೈತೋ?" ಅಂದಳು. ನಲವತ್ತು ವರ್ಷ ಚಹಾ ಕುಡಿದ ನನಗೆ ಹೇಳಲು ಏನೂ ಇರಲಿಲ್ಲ.

ಚಹಾ ತೋಟ ನೋಡಲು ರಾಜ್ಯ ದಾಟಬೇಕೆಂದೇನಿಲ್ಲ. ಕಳಸದ ಹತ್ತಿರ ಸಂಸೆಯಲ್ಲಿದೆ, ಕೊಡಗಿನ ಹುದಿಕೇರಿ ಕಡೆಯೂ ಇದೆ. ಆದರೆ ನನ್ನ ಹಳೆಯ ಗೆಳೆಯನೊಬ್ಬ ನೀಲಗಿರಿಯ ಕೂನೂರಿನಲ್ಲಿ ನೌಕರಿಗಿದ್ದ. ಘಟಪ್ರಭಾದಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ. ಬೆಂಗಳೂರು, ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಆಮೇಲೆ ಘಾಟಿ. ಬಯಲುಸೀಮೆಯ ಕಣ್ಣಿಗೆ ಆ ತಿರುವುಗಳು ಮೊದಲು ಹೊಟ್ಟೆ ತೊಳಸುತ್ತವೆ, ಆಮೇಲೆ ಎದೆ ತುಂಬಿಸುತ್ತವೆ.

ಗೆಳೆಯ ನನ್ನನ್ನು ಬಡಗ ಸಮಾಜದ ಒಬ್ಬ ಹಿರಿಯರ ಜತೆ ಹಾಕಿದ. ಅವರದು ಒಂದೂವರೆ ಎಕರೆ ಚಹಾ. ನಾನು ಅವರನ್ನು ಅಣ್ಣಾರ ಅನ್ನತೊಡಗಿದೆ, ಅವರಿಗೂ ಅದು ಹಿಡಿಸಿತು. ಎಲ್ಲಿಗೆ ನಡೆಯೋಣ ಅಂತ ಕೇಳಿದಾಗ ನಕಾಶೆಯಲ್ಲಿ ನಾನು ಓದಿದ್ದು "ಡ್ರೂಗ್". ಇಂಗ್ಲಿಷರು ಇಟ್ಟ ಹೆಸರಿರಬೇಕೆಂದುಕೊಂಡಿದ್ದೆ. ಅವರು ಹೇಳಿದ್ದು ಹುಲಿಕಲ್ ದುರ್ಗ! ಚಿತ್ರದುರ್ಗದಲ್ಲಿರುವ ಅದೇ ದುರ್ಗ ಪರದೇಶದವರ ಬಾಯಲ್ಲಿ ಡ್ರೂಗ್ ಆಗಿ ಕೂತಿದೆ. ಪಕ್ಕದ ಊರು ಹುಲಿಕಲ್. ನರಭಕ್ಷಕ ಹುಲಿಯೊಂದನ್ನು ಬಡಗನೊಬ್ಬ ಕೊಂದದ್ದಕ್ಕೆ ಆ ಹೆಸರು ಬಂತೆಂದು ಅಲ್ಲಿಯವರ ಕಥೆ.

ಆಮೇಲೆ ನನ್ನ ಕಿವಿ ಸುಮ್ಮನಿರಲಿಲ್ಲ. ಇಡೀ ನೀಲಗಿರಿಯಲ್ಲೇ ಎತ್ತರದ, 2637 ಮೀಟರಿನ ಶಿಖರದ ಹೆಸರು ದೊಡ್ಡಬೆಟ್ಟ. ಊರಿಗೆ ಹಟ್ಟಿ. ಹಾಲಿಗೆ ಹಾಲು, ಎಮ್ಮೆಗೆ ಎಮ್ಮೆ, ಮನೆಗೆ ಮನೆ. ತಮಿಳಿನ ಪಕಾರಕ್ಕೆ ನಾವು ಹಕಾರ ಹಚ್ಚುವಂತೆಯೇ ಬಡಗ ಮಾತಿನವರೂ ಹಚ್ಚುತ್ತಾರೆ. ಬಡಗರೆಂದರೆ ಬಡಗಣದಿಂದ, ಅಂದರೆ ಉತ್ತರದಿಂದ, ಬಂದವರು. ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದೆವೆಂದು ಅವರೇ ಹೇಳಿಕೊಳ್ಳುತ್ತಾರೆ. ನಿಪ್ಪಾಣಿ ದಾಟಿದರೆ ಕನ್ನಡ ಮುಗಿಯಿತು ಅನ್ನುವ ಗಡಿಯ ಜಗಳದಲ್ಲೇ ಬೆಳೆದವನು ನಾನು. ಮತ್ತೊಂದು ತುದಿಯಲ್ಲಿ, ಮೋಡದ ಮಟ್ಟದಲ್ಲಿ, ನಮ್ಮ ನುಡಿಯ ತಂಗಿಯೊಬ್ಬಳು ಮನೆ ಮಾಡಿಕೊಂಡಿದ್ದಾಳೆಂದು ನನಗೆ ಯಾವ ಶಾಲೆಯಲ್ಲೂ ಯಾರೂ ಹೇಳಿರಲಿಲ್ಲ. ಇದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಬರಲೇಬೇಕಾದ ಸಂಗತಿ.

ನಾನ್‌ಸಚ್ ಎಂಬ ತೋಟದ ಹತ್ತಿರದಿಂದ ದಾರಿ ಶುರುವಾಗುತ್ತದೆ. ಚಹಾ ಗಿಡವನ್ನು ಮೊದಲ ಸಲ ಕೈಯಿಂದ ಮುಟ್ಟಿದೆ. ಹಳೆಯ ಎಲೆ ದಪ್ಪ, ಅಂಚಿಗೆ ಸಣ್ಣ ಗರಗಸ. ತುದಿಯ ಚಿಗುರು ಮಾತ್ರ ಎಳೆಯ ಮಗುವಿನ ಕಿವಿಯಷ್ಟು ಮೆತ್ತಗೆ. ಗಿಡ ಅನ್ನುತ್ತೇವೆ, ನಿಜಕ್ಕೂ ಅದು ಮರ. ಸವರದೆ ಬಿಟ್ಟರೆ ಆಳೆತ್ತರ ದಾಟಿ ಬೆಳೆಯುತ್ತದೆ. ಕೈಗೆ ಎಟುಕಲಿ ಅಂತ ಸೊಂಟದ ಎತ್ತರಕ್ಕೆ ಸವರಿ ಸವರಿ ಇಟ್ಟಿರುತ್ತಾರೆ. ಹೀಗೆ ಸವರಿದ ಒಂದು ಗಿಡದ ಬುಡ ನೋಡಿದೆ, ನಮ್ಮ ಬನ್ನಿ ಮರದ ಬೊಡ್ಡೆಯ ಹಾಗೆ ಗಂಟುಗಂಟಾಗಿ ದಪ್ಪವಾಗಿತ್ತು, ಮೇಲೆ ಮಾತ್ರ ಹುಡುಗಾಟದ ಹಸಿರು. ಕೊಯ್ಯುವ ಹೆಂಗಸರು ಇಬ್ಬನಿಗೆ ನೆನೆಯದಂತೆ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಿದ್ದರು. ಎರಡು ಎಲೆ, ಒಂದು ಕುಡಿ, ಬೆರಳು ಒಂದು ಕ್ಷಣವೂ ನಿಲ್ಲುವುದಿಲ್ಲ. ನಮ್ಮಲ್ಲಿ ಕಬ್ಬು ಕಡಿಯಲು ಬರುವ ಗ್ಯಾಂಗಿನವರ ನೆನಪಾಯಿತು. ಈ ಹೆಂಗಸರಲ್ಲಿ ಕೆಲವರ ಹಿರಿಯರು ಶ್ರೀಲಂಕಾದಿಂದ ಬಂದವರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಅಲ್ಲಿಯ ಚಹಾ ತೋಟಗಳ ತಮಿಳರನ್ನು ಭಾರತಕ್ಕೆ ಕಳಿಸಿದಾಗ ತಮಿಳುನಾಡು ಸರಕಾರ ಅವರಿಗಾಗಿಯೇ ಇಲ್ಲಿ ತೋಟ ಹಾಕಿಸಿತು. ಒಂದು ಚಹಾ ಗುಡ್ಡದಿಂದ ಕಿತ್ತು ಇನ್ನೊಂದು ಚಹಾ ಗುಡ್ಡದಲ್ಲಿ ನೆಟ್ಟ ಬದುಕು.

ತೋಟದ ಇತಿಹಾಸವನ್ನು ಅಣ್ಣಾರ ನಡೆಯುತ್ತಲೇ ಹೇಳುತ್ತಿದ್ದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬೆಟ್ಟ ಕಂಪನಿಯ ಪಾಲಾಯಿತು. 1819ರಲ್ಲಿ ಕೊಯಿಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಮೇಲೆ ಬಂದು ಕೋಟಗಿರಿ ಬದಿಯಲ್ಲಿ ಬಂಗಲೆ ಕಟ್ಟಿಸಿದ. 1835ರ ಹೊತ್ತಿಗೆ ಕೇತಿಯಲ್ಲಿ ಚಹಾ ಸಸಿ ನೆಟ್ಟು ಪರೀಕ್ಷೆ ನಡೆಯಿತು. ನಡುವಟ್ಟಂ ಜೈಲಿನಲ್ಲಿಟ್ಟಿದ್ದ ಚೀನೀ ಕೈದಿಗಳನ್ನೂ ತೋಟದ ಕೆಲಸಕ್ಕೆ ಹಚ್ಚಿದರು. ಚಹಾಕ್ಕೂ ಮೊದಲು ಇಲ್ಲಿ ಹುಲ್ಲುಗಾವಲಿತ್ತು, ಕೊರಕಲುಗಳಲ್ಲಿ ಶೋಲಾ ಕಾಡಿತ್ತು. ಕುಳ್ಳ ಮರ, ಮೈಯೆಲ್ಲ ಪಾಚಿ, ಬುಡದಲ್ಲಿ ನೀರು. ಮಳೆಯನ್ನು ಸ್ಪಂಜಿನ ಹಾಗೆ ಹಿಡಿದಿಟ್ಟು ಬೇಸಿಗೆಯಲ್ಲಿ ತೊಟ್ಟುತೊಟ್ಟಾಗಿ ಬಿಡುವ ಕಾಡು ಅದು. ಕೋಟಗಿರಿ ಹತ್ತಿರ ಲಾಂಗ್‌ವುಡ್ ಅನ್ನುವ 116 ಹೆಕ್ಟೇರಿನ ಒಂದು ಶೋಲಾ ಉಳಿದಿದೆ. ಸುತ್ತಲಿನ ಹಟ್ಟಿಗಳಿಗೆ ಕುಡಿಯುವ ನೀರು ಅಲ್ಲಿಂದಲೇ. ಘಟಪ್ರಭೆಯ ಕಾಲುವೆಗೆ ನೀರು ಬಿಡುವ ದಿನಕ್ಕಾಗಿ ಕಾದು ಕೂರುವ ನನಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಲಿಲ್ಲ.

ತಿರುವಿನಲ್ಲಿ ಅಣ್ಣಾರ ಕೈ ಚಾಚಿ ನನ್ನ ಎದೆಗೆ ಅಡ್ಡ ಹಿಡಿದರು. "ನಿಲ್ಲು." ಬಡಗವೋ, ತಮಿಳೋ, ಕನ್ನಡವೋ, ಆ ಹೊತ್ತಿಗೆ ಎಲ್ಲ ಒಂದೇ ಮಾತು.

ಮೂವತ್ತು ಮಾರು ದೂರದಲ್ಲಿ, ಚಹಾದ ಸಾಲಿನ ನಡುವೆ ಕಾಟಿ. ನಮ್ಮ ಕಡೆ ಕೊಲ್ಲಾಪುರದವರ ಬಾಯಲ್ಲಿ ಗವಾ. ದಾಜಿಪುರದ ಗವಾ ಅಭಯಾರಣ್ಯಕ್ಕೆ ಹುಡುಗನಿದ್ದಾಗ ಹೋಗಿದ್ದೆ, ಅವತ್ತು ಹೆಜ್ಜೆ ಗುರುತು ಬಿಟ್ಟರೆ ಏನೂ ಕಂಡಿರಲಿಲ್ಲ. ಇಲ್ಲಿ ಅದು ಎದುರಿಗೇ ನಿಂತಿತ್ತು. ಖಿಲಾರಿ ಹೋರಿ ನೋಡಿ ಬೆಳೆದ ಕಣ್ಣು ನನ್ನದು, ಜಾತ್ರೆಯಲ್ಲಿ ಹೋರಿಯ ಮೈ ಅಳೆಯಬಲ್ಲೆ. ಈ ಮೈ ಆ ಲೆಕ್ಕಕ್ಕೆ ಸಿಗಲಿಲ್ಲ. ಬಲಿತ ಗಂಡು ಸಾವಿರ ಕಿಲೋದವರೆಗೂ ತೂಗುತ್ತದೆ. ಕಾಡಿಗೆಯಂಥ ಕಪ್ಪು ಮೈ, ಬೆನ್ನ ಮೇಲೆ ಎದ್ದ ಏರಿ, ಮೊಣಕಾಲಿನ ಕೆಳಗೆ ಸುಣ್ಣ ಬಳಿದ ಹಾಗೆ ಬಿಳುಪು. ಚಹಾದ ಎಲೆಯನ್ನು ಅದು ಮೂಸಿಯೂ ನೋಡಲಿಲ್ಲ, ಸಾಲಿನ ನಡುವಿನ ಹುಲ್ಲು ಮೇಯುತ್ತಿತ್ತು. ಮೂಗಿನಿಂದ ಹೊರಟ ಉಸಿರು ಚಳಿಗೆ ಹೊಗೆಯಾಗುತ್ತಿತ್ತು. ಒಮ್ಮೆ ತಲೆ ಎತ್ತಿ ನಮ್ಮನ್ನು ನೋಡಿ 'ಫುಸ್' ಅಂದಿತು. ನಾವು ಹಿಂದೆ ಸರಿದು ಒಂದು ಸಿಲ್ವರ್ ಓಕ್ ಮರದ ಬದಿಗೆ ನಿಂತೆವು. ಕಾಲು ತಾಸು ಆಯಿತು. ಆಮೇಲೆ ಅದು ತಾನಾಗಿ, ಗಿಡಗಳಿಗೆ ಹೊಟ್ಟೆ ಸವರುತ್ತ, ಕಾಡಿನ ಅಂಚಿಗೆ ಇಳಿದುಹೋಯಿತು.

"ಓಡಿಸೋದಿಲ್ಲೇನ್ರಿ?" ಅಂತ ಪಿಸುಮಾತಿನಲ್ಲಿ ಕೇಳಿದೆ. ಓಡಿಸಿದರೆ ಎಲ್ಲಿಗೆ ಹೋಗಬೇಕು ಅಂತ ತಿರುಗಿ ಕೇಳಿದರು. ಈ ದಾರಿ ಮೊದಲಿನಿಂದ ಅದರದೇ, ಚಹಾ ಆಮೇಲೆ ಬಂದದ್ದು. ಕರಡಿಯೂ ಬರುತ್ತದಂತೆ, ಗುಡಿಯ ದೀಪದ ಎಣ್ಣೆ ಅದಕ್ಕೆ ಇಷ್ಟ. ರಾತ್ರಿ ಹಟ್ಟಿಯಲ್ಲಿ ಒಬ್ಬರೇ ಹೊರಗೆ ಬರುವುದಿಲ್ಲ. ಕೊಯ್ಲಿಗೆ ಹೋದ ಹೆಂಗಸರು ಕಾಟಿ ತಿವಿದು ಸತ್ತದ್ದೂ ಉಂಟು. ಇದನ್ನು ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಿತು. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಒಂದೇ ಒಂದು ಚಿರತೆ ಸೇರಿಕೊಂಡಾಗ ಸುತ್ತಲಿನ ಶಾಲೆಗಳಿಗೆಲ್ಲ ರಜೆ ಕೊಟ್ಟು, ಹಿಡಿಯಲು ಆನೆ ತರಿಸಿದ್ದೆವು. ಈ ಜನ ದಿನಾ ಬೆಳಗ್ಗೆ ಅಂಥದೇ ಭಯದ ನಡುವೆ ಚಿಗುರು ಚಿವುಟುತ್ತಾರೆ. ನಾವು ಬಶಿಯಲ್ಲಿ ಊದಿ ಕುಡಿಯುವ ಚಹಾದ ಬೆಲೆ ಪೊಟ್ಟಣದ ಮೇಲೆ ಪೂರ್ತಿ ಬರೆದಿರುವುದಿಲ್ಲ.

ಮೇಲೆ ಕೋಟೆಯೆಂದು ಉಳಿದಿರುವುದು ಮುರುಕು ಗೋಡೆ, ಅಷ್ಟೇ. ಟಿಪ್ಪುವಿನ ಕಾವಲು ಠಾಣ್ಯ ಅಲ್ಲಿತ್ತೆನ್ನುತ್ತಾರೆ. ಬಯಲು ಸೀಮೆ ಕಾಲಡಿಗೆ ಹಾಸಿಕೊಂಡಿತ್ತು. ಮೋಡ ಬಂದು ಮುಚ್ಚಿತು, ಇಳಿದೆವು.

ಊರಿಗೆ ಬಂದು ಅವ್ವನ ಮುಂದೆ ಆ ಒಂದೂವರೆ ಎಕರೆಯ ಸೊಪ್ಪಿನ ಪುಡಿ ಇಟ್ಟೆ, ನಡುವೆ ಒಣಗಿಸಿ ತಂದಿದ್ದ ಒಂದು ಇಡೀ ಚಿಗುರೂ ಇತ್ತು. ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟ ಸಣ್ಣದ?" ಅಂದಳು.

ನೀವೂ ಹೋಗಿ. ಊಟಿಯ ಕೆರೆಯಲ್ಲಿ ದೋಣಿ ಹತ್ತಿ, ಫೋಟೋ ತೆಗೆಸಿಕೊಂಡು ವಾಪಸು ಬರಬೇಡಿ. ಒಬ್ಬ ಬಡಗರನ್ನು ಜತೆಗೆ ಕರೆದುಕೊಂಡು, ತೋಟದವರ ಅಪ್ಪಣೆ ಕೇಳಿ, ಬಿಸಿಲೇರಿದ ಮೇಲೆ ನಡೆಯಿರಿ. ಕಾಟಿ ಕಂಡರೆ ಮೊಬೈಲು ಜೇಬಿನಲ್ಲೇ ಇರಲಿ, ಅದು ದಾರಿ ಬಿಡುವವರೆಗೆ ನಿಲ್ಲಿ. ಕನ್ನಡದಲ್ಲೇ ನಿಧಾನ ಮಾತಾಡಿ, ಅವರಿಗೆ ತಿಳಿಯುತ್ತದೆ.